ಶೀತಲ ಸಮರ ಮತ್ತು 1955ರ ಆಂಧ್ರ ಚುನಾವಣೆ: ಆದವಾನಿ, ಪಶ್ಚಿಮ ಕರ್ನೂಲು

1955ರ ಆಂಧ್ರ ಚುನಾವಣೆ ಎಂದರೆ, ಕರ್ನೂಲು ರಾಜಧಾನಿಯಾಗಿದ್ದ ಆಂಧ್ರ ರಾಜ್ಯದ ವಿಧಾನಸಭೆಗೆ ಆ ವರ್ಷದ ಫೆಬ್ರುವರಿಯಲ್ಲಿ ನಡೆದ ಮಧ್ಯಂತರ ಚುನಾವಣೆ. ಭಾರತದ ಒಂದು ರಾಜ್ಯದ ಅಧಿಕಾರ ಕಮ್ಯುನಿಸ್ಟರ ಕೈಗೆಟುಕುವಷ್ಟು ಹತ್ತಿರ ಬಂದಿದೆ ಎಂದು ದೆಹಲಿ, ಮಾಸ್ಕೋ, ವಾಷಿಂಗ್ಟನ್ ಮೂರೂ ಕಡೆ ಗಮನಿಸಿದ ಚುನಾವಣೆಯಿದು. ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ್ದ ಆದವಾನಿ, ಆಲೂರು ತಾಲ್ಲೂಕುಗಳ ಕನ್ನಡಿಗರು ಹೊಸ ರಾಜ್ಯದ ಮತದಾರರಾಗಿ ಮೊದಲ ಸಲ ಮತ ಹಾಕಿದ್ದೂ ಇದೇ ಚುನಾವಣೆಯಲ್ಲಿ. ಇಲ್ಲಿ ಕಮ್ಯುನಿಸ್ಟರ ಮುನ್ನಡೆಯನ್ನು ತಡೆದದ್ದು ಸೈನ್ಯವಲ್ಲ, ಮತಪೆಟ್ಟಿಗೆ.

ಪರಿಭಾಷೆ

ಎರಡನೇ ಮಹಾಯುದ್ಧದ ಬಳಿಕ ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವೆ, 1991ರ ಡಿಸೆಂಬರ್‌ನಲ್ಲಿ ಒಕ್ಕೂಟ ವಿಸರ್ಜನೆಯಾಗುವ ತನಕ, ನೇರ ಯುದ್ಧವಿಲ್ಲದೆ ನಡೆದ ಪೈಪೋಟಿಗೆ ‘ಶೀತಲ ಸಮರ’ ಎಂದು ಹೆಸರು. ಕಮ್ಯುನಿಸಂ ಆಗ ಎಲ್ಲಿತ್ತೋ ಅಲ್ಲಿಂದ ಆಚೆಗೆ ಹಬ್ಬದಂತೆ ನೋಡಿಕೊಳ್ಳುವ ಅಮೆರಿಕದ ಧೋರಣೆಯನ್ನು ಈ ಲೇಖನದಲ್ಲಿ ‘ತಡೆನೀತಿ’ ಎಂದು ಕರೆಯಲಾಗಿದೆ. ಎರಡೂ ಬಣಗಳ ಸೈನಿಕ ಕೂಟಗಳಿಂದ ಹೊರಗುಳಿಯುವ ಭಾರತದ ನಿಲುವು ‘ಅಲಿಪ್ತ ನೀತಿ’. ‘ಆಂಧ್ರ ರಾಜ್ಯ’ ಎಂದರೆ 1953ರ ಅಕ್ಟೋಬರ್ 1ರಿಂದ 1956ರ ಅಕ್ಟೋಬರ್ 31ರವರೆಗೆ ಇದ್ದ ರಾಜ್ಯ. ಹೈದರಾಬಾದಿನ ತೆಲಂಗಾಣ ಭಾಗವೂ ಕೂಡಿ 1956ರ ನವೆಂಬರ್ 1ರಂದು ಆದದ್ದು ‘ಆಂಧ್ರಪ್ರದೇಶ’. ಇವೆರಡನ್ನು ಒಂದೇ ಎಂದು ತಿಳಿಯಬಾರದು. ಕನ್ನಡಿಗರು ಆದವಾನಿ ಎನ್ನುವ ಊರಿಗೆ ತೆಲುಗಿನಲ್ಲೂ ಸರ್ಕಾರಿ ಕಾಗದಗಳಲ್ಲೂ ಆದೋನಿ ಎಂಬ ರೂಪವಿದೆ.

ಜಾಗತಿಕ ಹಿನ್ನೆಲೆ

ತಡೆನೀತಿಯ ಬೀಜ 1946ರ ಫೆಬ್ರುವರಿ 22ರಂದು ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಯಿಂದ ಜಾರ್ಜ್ ಕೆನನ್ ಕಳಿಸಿದ ದೀರ್ಘ ತಂತಿಯಲ್ಲಿದೆ. 1947ರ ಮಾರ್ಚ್ 12ರಂದು ಅಧ್ಯಕ್ಷ ಟ್ರೂಮನ್ ಗ್ರೀಸ್ ಮತ್ತು ತುರ್ಕಿಗೆ ನೆರವು ಕೋರಿ ಮಾಡಿದ ಭಾಷಣದೊಂದಿಗೆ ಅದು ಅಧಿಕೃತ ನೀತಿಯಾಯಿತು. 1949ರಲ್ಲಿ ನ್ಯಾಟೋ ಕೂಟ ಹುಟ್ಟಿತು. ಅದೇ ವರ್ಷ ಚೀನಾದಲ್ಲಿ ಕಮ್ಯುನಿಸ್ಟರು ಗೆದ್ದರು. ಆ ಮೇಲೆ ಅಮೆರಿಕದ ದೃಷ್ಟಿ ಏಷ್ಯಾದತ್ತ ಹೊರಳಿತು. ಬಡತನ, ಭೂಮಿಯ ಹಸಿವು, ಜನಸಂಖ್ಯೆ ಇವುಗಳಲ್ಲಿ ಚೀನಾವನ್ನು ಹೋಲುತ್ತಿದ್ದ ಭಾರತ ಮುಂದೆ ಯಾವ ದಾರಿ ಹಿಡಿಯುತ್ತದೆ ಎಂಬುದೇ ಅಲ್ಲಿನ ಮುಖ್ಯ ಪ್ರಶ್ನೆಯಾಯಿತು. 1954ರ ಮೇನಲ್ಲಿ ಪಾಕಿಸ್ತಾನ ಅಮೆರಿಕದೊಂದಿಗೆ ಸೈನಿಕ ನೆರವಿನ ಒಪ್ಪಂದ ಮಾಡಿಕೊಂಡಿತು. ಸೆಪ್ಟೆಂಬರ್‌ನಲ್ಲಿ ಆಗ್ನೇಯ ಏಷ್ಯಾದ ಸೀಟೋ ಕೂಟವೂ ಸಿದ್ಧವಾಯಿತು. ನೆಹರೂ ಎರಡನ್ನೂ ವಿರೋಧಿಸಿದರು. ಈ ವಿರೋಧ ಮಾಸ್ಕೋಗೆ ಹಿಡಿಸಿತು. ಮುಂದೆ ಆಂಧ್ರದ ಕಮ್ಯುನಿಸ್ಟರಿಗೆ ತೊಡಕಾದದ್ದು ಮಾಸ್ಕೋದ ಈ ಮೆಚ್ಚುಗೆಯೇ.

ಪ್ರದೇಶ

ಆದವಾನಿ ಸೀಮೆ ಎರೆಭೂಮಿಯ ನಾಡು. ಮಳೆ ಕಡಿಮೆ, ಬರ ಹೆಚ್ಚು. ಹತ್ತಿ, ಶೇಂಗಾ, ಜೋಳ ಇಲ್ಲಿನ ಬೆಳೆಗಳು. ಗುಂತಕಲ್ಲು–ರಾಯಚೂರು ರೈಲುದಾರಿಯ ಮೇಲಿರುವ ಆದವಾನಿ, ಹತ್ತಿ ಮಾರುಕಟ್ಟೆಗೂ ಜಿನ್ನಿಂಗ್ ಕಾರ್ಖಾನೆಗಳಿಗೂ ಎಣ್ಣೆ ಗಿರಣಿಗಳಿಗೂ ಹೆಸರಾದ ಊರು. ಹತ್ತಿರದ ಎಮ್ಮಿಗನೂರು ನೇಕಾರರ ಊರು. ಮಾಚಾನಿ ಸೋಮಪ್ಪನವರು 1938ರಲ್ಲಿ ಅಲ್ಲಿ ಕಟ್ಟಿದ ನೇಕಾರರ ಸಹಕಾರ ಸಂಘ ದಕ್ಷಿಣ ಭಾರತದಲ್ಲೆಲ್ಲ ಪ್ರಸಿದ್ಧವಾಯಿತು, ಅವರಿಗೆ 1954ರಲ್ಲಿ ಪದ್ಮಶ್ರೀ ಬಂದಿತು. ಹೊಳಗುಂದ, ಹಾಲಹರ್ವಿ, ಕೌತಾಳಂ, ಕೋಸಿಗಿ ಕಡೆಯ ಹಳ್ಳಿಗಳಲ್ಲಿ ಮನೆಯ ಮಾತು ಕನ್ನಡ, ಸಂತೆಯ ಮಾತು ಕನ್ನಡ–ತೆಲುಗು ಎರಡೂ. ಆದವಾನಿ ಪೇಟೆಯಲ್ಲಿ ಉರ್ದುವೂ ಕೂಡಿಕೊಳ್ಳುತ್ತದೆ.

ಉತ್ತರಕ್ಕೆ ತುಂಗಭದ್ರಾ ನದಿ. 1948ರವರೆಗೆ ನದಿಯ ಈಚೆ ದಡ ಮದರಾಸು ಪ್ರಾಂತ್ಯ, ಆಚೆ ದಡ ನಿಜಾಮನ ರಾಯಚೂರು ಜಿಲ್ಲೆ.

ತೆಲಂಗಾಣ ಸಶಸ್ತ್ರ ಹೋರಾಟ

ನಿಜಾಮನ ರಾಜ್ಯದ ತೆಲುಗು ಜಿಲ್ಲೆಗಳಲ್ಲಿ ದೇಶ್‌ಮುಖರೆಂಬ ಭೂಮಾಲೀಕರ ವಿರುದ್ಧ ಎದ್ದ ರೈತರ ದಂಗೆ 1946ರ ಜುಲೈ 4ರಂದು ಕಡವೆಂಡಿಯಲ್ಲಿ ದೊಡ್ಡಿ ಕೊಮರಯ್ಯ ಗುಂಡಿಗೆ ಬಲಿಯಾದ ಮೇಲೆ ಸಶಸ್ತ್ರ ಹೋರಾಟದ ರೂಪ ಪಡೆಯಿತು. ಅದಕ್ಕೆ ಕಮ್ಯುನಿಸ್ಟ್ ಪಕ್ಷದ ನಾಯಕತ್ವವಿತ್ತು. 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯಿಂದ ಹೈದರಾಬಾದು ಭಾರತದಲ್ಲಿ ವಿಲೀನವಾದ ಮೇಲೂ ಹೋರಾಟ ನಿಲ್ಲಲಿಲ್ಲ. ಭಾರತೀಯ ಸೈನ್ಯದ ಒತ್ತಡ ಹೆಚ್ಚಿದಾಗ ದಳಗಳು ಕೃಷ್ಣಾ ನದಿಯ ದಡದ ನಲ್ಲಮಲ ಕಾಡಿಗೆ ಸರಿದವು. ಆ ಕಾಡಿನ ಒಂದು ಭಾಗ ಕರ್ನೂಲು ಜಿಲ್ಲೆಯ ಪೂರ್ವದಂಚಿನಲ್ಲೇ ಇತ್ತು; ಆದವಾನಿಯ ಬಯಲಿನಲ್ಲಿ ಅಡಗಲು ಅಂಥ ಕಾಡಿರಲಿಲ್ಲ.

ಹೋರಾಟ ಮುಂದುವರಿಯಬೇಕೇ ಎಂಬ ಜಗಳದಲ್ಲಿ ಪಕ್ಷ ಒಡೆಯುವ ಹಂತಕ್ಕೆ ಬಂದಾಗ ಚಂದ್ರ ರಾಜೇಶ್ವರ ರಾವ್, ಮಾಕಿನೇನಿ ಬಸವಪುನ್ನಯ್ಯ, ಅಜಯ್ ಘೋಷ್, ಎಸ್. ಎ. ಡಾಂಗೆ ಈ ನಾಲ್ವರು ಗುಟ್ಟಾಗಿ ಮಾಸ್ಕೋಗೆ ಹೋಗಿ 1951ರ ಫೆಬ್ರುವರಿಯಲ್ಲಿ ಸ್ಟಾಲಿನ್ ಅವರನ್ನು ಕಂಡರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೋರಾಟವನ್ನು ಹಿಂತೆಗೆಯಲಾಯಿತು. ಬಂದೂಕು ಕೆಳಗಿಟ್ಟ ಕೆಲವೇ ತಿಂಗಳಲ್ಲಿ ಪಕ್ಷ ಚುನಾವಣೆಗೆ ನಿಂತಿತು. ಅದು ತೋರಿದ ಬಲ ಎಲ್ಲರ ಲೆಕ್ಕವನ್ನೂ ಮೀರಿತು. ನಲ್ಗೊಂಡದಿಂದ ಲೋಕಸಭೆಗೆ ಗೆದ್ದ ರಾವಿ ನಾರಾಯಣ ರೆಡ್ಡಿಯವರಿಗೆ ನೆಹರೂ ಅವರಿಗಿಂತ ಹೆಚ್ಚು ಮತ ಬಂದಿತ್ತು. ಮದರಾಸು ವಿಧಾನಸಭೆಯ 375 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ದಕ್ಕಿದ್ದು 152, ಕಮ್ಯುನಿಸ್ಟರಿಗೆ 62. ಅನಂತಪುರದಲ್ಲಿ ತರಿಮೆಲ ನಾಗಿ ರೆಡ್ಡಿಯವರು ತಮ್ಮ ಹತ್ತಿರದ ನೆಂಟ, ಮುಂದೆ ರಾಷ್ಟ್ರಪತಿಯಾದ ನೀಲಂ ಸಂಜೀವ ರೆಡ್ಡಿಯವರನ್ನೇ ಸೋಲಿಸಿದರು. ಮದರಾಸಿನಲ್ಲಿ ಅಲ್ಪಮತದ ಕಾಂಗ್ರೆಸ್ಸಿಗೆ ಸರ್ಕಾರ ಕಟ್ಟಿಕೊಟ್ಟ ರಾಜಾಜಿ, ಕಮ್ಯುನಿಸ್ಟರೇ ತಮ್ಮ ಮೊದಲ ಶತ್ರುಗಳೆಂದು ಬಹಿರಂಗವಾಗಿ ಸಾರಿದರು.

ಆಂಧ್ರ ರಾಜ್ಯ ಮತ್ತು ಬಳ್ಳಾರಿ ಜಿಲ್ಲೆಯ ವಿಭಜನೆ

ಆಂಧ್ರದಲ್ಲಿ ಕಮ್ಯುನಿಸ್ಟರ ಬಲಕ್ಕೆ ಭೂಮಿಯ ಪ್ರಶ್ನೆಯಷ್ಟೇ ಭಾಷೆಯ ಪ್ರಶ್ನೆಯೂ ಕಾರಣ. ಕಮ್ಯುನಿಸ್ಟ್ ನಾಯಕ ಪುಚ್ಚಲಪಲ್ಲಿ ಸುಂದರಯ್ಯನವರು 1946ರಲ್ಲೇ ತೆಲುಗರೆಲ್ಲರ ಒಂದೇ ರಾಜ್ಯ, ಅಂದರೆ ವಿಶಾಲಾಂಧ್ರದ ಬೇಡಿಕೆಯನ್ನು ಪಕ್ಷದ ಕಾರ್ಯಕ್ರಮವಾಗಿ ಬರೆದಿದ್ದರು. ಕನ್ನಡ ನಾಡಿನಲ್ಲೂ ಪಕ್ಷ ಏಕೀಕರಣದ ಪರವಾಗಿತ್ತು. ಪ್ರತ್ಯೇಕ ರಾಜ್ಯ ಕೋರಿ ಉಪವಾಸ ಕೂತ ಪೊಟ್ಟಿ ಶ್ರೀರಾಮುಲು 1952ರ ಡಿಸೆಂಬರ್ 15ರ ರಾತ್ರಿ ಪ್ರಾಣಬಿಟ್ಟ ಮೇಲೆ ನೆಹರೂ ಆಂಧ್ರ ರಾಜ್ಯಕ್ಕೆ ಒಪ್ಪಿದರು. ರಾಜ್ಯ ಕೊಡದಿದ್ದರೆ ಕಮ್ಯುನಿಸ್ಟರು ಬೆಳೆಯುತ್ತಾರೆ, ಕೊಟ್ಟರೆ ಆಳುತ್ತಾರೆ ಎಂಬ ಇಬ್ಬಂದಿ ಆಗ ದೆಹಲಿಯದು.

ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಹೊಸಪೇಟೆ, ಸಿರುಗುಪ್ಪ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಸಂಡೂರು ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕಿನ ವಿವಾದವನ್ನು ಹೈದರಾಬಾದಿನ ಮುಖ್ಯ ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ವಿಚಾರಿಸಿದರು, ಅದೂ ಮೈಸೂರಿಗೇ ಉಳಿಯಿತು. ಆದವಾನಿ, ಆಲೂರು ಕರ್ನೂಲು ಜಿಲ್ಲೆಗೆ, ರಾಯದುರ್ಗ ಅನಂತಪುರ ಜಿಲ್ಲೆಗೆ ಸೇರಿದವು. ಒಂದೇ ಜಿಲ್ಲೆಯ ನೆಂಟರು, ಒಂದೇ ಸಂತೆಯ ರೈತರು 1953ರ ಅಕ್ಟೋಬರ್ 1ರ ಬೆಳಿಗ್ಗೆ ಎರಡು ರಾಜ್ಯಗಳವರಾದರು. ಈ ಗಾಯದ ಮುಂದೆ ಅಮೆರಿಕ–ರಷ್ಯಾ ಪೈಪೋಟಿ ಈ ಸೀಮೆಯ ಕನ್ನಡಿಗರಿಗೆ ದೂರದ ಸುದ್ದಿಯಷ್ಟೇ ಆಗಿದ್ದಿರಬೇಕು. ಆದರೆ ಅವರು ಸೇರಿದ ಹೊಸ ರಾಜ್ಯದ ಭವಿಷ್ಯ ಆ ಪೈಪೋಟಿಯೊಂದಿಗೆ ಗಂಟುಬಿದ್ದಿತ್ತು.

ಕರಾವಳಿ ಮತ್ತು ರಾಯಲಸೀಮೆಯ ನಾಯಕರು 1937ರ ನವೆಂಬರ್ 16ರಂದು ಮಾಡಿಕೊಂಡಿದ್ದ ಶ್ರೀಬಾಗ್ ಒಪ್ಪಂದದ ಆಧಾರದ ಮೇಲೆ ರಾಜಧಾನಿ ಕರ್ನೂಲಿಗೆ ಬಂದಿತು. ಕಮ್ಯುನಿಸ್ಟರು ವಿಜಯವಾಡದ ಪರವಾಗಿದ್ದರು. ಕರ್ನೂಲಿನಲ್ಲಿ ಕಟ್ಟಡಗಳು ಸಾಲದೆ ಎಷ್ಟೋ ಕಚೇರಿಗಳು ಡೇರೆಗಳಲ್ಲಿ ನಡೆದವು. ಮೊದಲ ಮುಖ್ಯಮಂತ್ರಿ ಟಂಗುಟೂರಿ ಪ್ರಕಾಶಂ ಅವರ ಸರ್ಕಾರ ಪಾನನಿರೋಧದ ವಿಷಯದಲ್ಲಿ 1954ರ ನವೆಂಬರ್ 6ರಂದು ಅವಿಶ್ವಾಸ ನಿರ್ಣಯಕ್ಕೆ ಒಂದೇ ಮತದಿಂದ ಸೋತಿತು. ರಾಷ್ಟ್ರಪತಿ ಆಡಳಿತ ಬಂದು, ಚುನಾವಣೆ ಘೋಷಣೆಯಾಯಿತು.

1955ರ ಚುನಾವಣೆ

ಒಟ್ಟು ಸ್ಥಾನ 196. ಕಮ್ಯುನಿಸ್ಟ್ ಪಕ್ಷ 169 ಕಡೆ ಅಭ್ಯರ್ಥಿಗಳನ್ನು ನಿಲ್ಲಿಸಿತು; ಇದು ಸರ್ಕಾರ ರಚಿಸುವ ವಿಶ್ವಾಸದಿಂದ ಹೊರಟ ಪಕ್ಷದ ಸಂಖ್ಯೆ. 1952ರಲ್ಲಿ ಕಮ್ಯುನಿಸ್ಟೇತರ ಮತಗಳು ಮೂರು ನಾಲ್ಕು ಪಾಲಾಗಿ ಹಂಚಿಹೋಗಿದ್ದವು. ಈ ಸಲ ಕಾಂಗ್ರೆಸ್, ಎನ್. ಜಿ. ರಂಗಾ ಅವರ ಕೃಷಿಕಾರ್ ಲೋಕ್ ಪಕ್ಷ ಮತ್ತು ಪ್ರಕಾಶಂ ಅವರ ಪ್ರಜಾ ಪಕ್ಷ ಸೇರಿ ಸಂಯುಕ್ತ ಕಾಂಗ್ರೆಸ್ ರಂಗ ಕಟ್ಟಿಕೊಂಡವು. ಪ್ರಚಾರದ ಉಸ್ತುವಾರಿಗೆ ಮುಂಬಯಿಯಿಂದ ಎಸ್. ಕೆ. ಪಾಟೀಲ್ ಬಂದರು. ನೆಹರೂ ಸ್ವತಃ ಪ್ರವಾಸ ಮಾಡಿದರು.

ಆಗಿನ ಮತದಾನದ ಕ್ರಮ ಇಂದಿನಂತಿರಲಿಲ್ಲ. ಕೋಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವರವರ ಗುರುತಿನ ಚೀಟಿ. ಮತದಾರ ಪರದೆಯ ಹಿಂದೆ ಹೋಗಿ, ಕೈಯಲ್ಲಿದ್ದ ಕಾಗದಕ್ಕೆ ಯಾವ ಮುದ್ರೆಯನ್ನೂ ಒತ್ತದೆ, ತನಗೆ ಬೇಕಾದ ಪೆಟ್ಟಿಗೆಯ ಸೀಳಿನೊಳಗೆ ಅದನ್ನು ಇಳಿಬಿಡುತ್ತಿದ್ದ. ಕಾಂಗ್ರೆಸ್ಸಿನ ಗುರುತು ನೊಗ ಹೊತ್ತ ಜೋಡೆತ್ತು, ಕಮ್ಯುನಿಸ್ಟರದು ತೆನೆ–ಕುಡುಗೋಲು. ಎರಡೂ ಹೊಲದವೇ. ಒಂದು ಸಾಮಾನ್ಯ, ಒಂದು ಮೀಸಲು ಸ್ಥಾನವಿದ್ದ ದ್ವಿಸದಸ್ಯ ಕ್ಷೇತ್ರಗಳಲ್ಲಿ ಮತದಾರನಿಗೆ ಎರಡು ಕಾಗದ ಸಿಗುತ್ತಿದ್ದವು.

ಈ ಚುನಾವಣೆಗೆ ಹೊಂದಿಕೊಂಡು ಆದ ಮೂರು ಘಟನೆಗಳನ್ನು ಒಟ್ಟಿಗೆ ಓದಬೇಕು. 1955ರ ಜನವರಿಯಲ್ಲಿ ಆವಡಿಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನ ಸಮಾಜವಾದಿ ಮಾದರಿಯ ಸಮಾಜವೇ ತನ್ನ ಗುರಿ ಎಂದು ನಿರ್ಣಯಿಸಿತು. ಜನವರಿ 26ರಂದು ಸೋವಿಯತ್ ಕಮ್ಯುನಿಸ್ಟ್ ಪಕ್ಷದ ಪತ್ರಿಕೆ ‘ಪ್ರಾವ್ದಾ’ ಭಾರತದ ವಿದೇಶಾಂಗ ನೀತಿಯನ್ನು ಹೊಗಳಿ ಸಂಪಾದಕೀಯ ಬರೆಯಿತು. ಕಾಂಗ್ರೆಸ್ ಅದನ್ನು ಆಂಧ್ರದಲ್ಲಿ ಕರಪತ್ರ ಮಾಡಿ ಹಂಚಿತು. ಫೆಬ್ರುವರಿ 2ರಂದು ಭಿಲಾಯಿಯಲ್ಲಿ ಉಕ್ಕಿನ ಕಾರ್ಖಾನೆ ಕಟ್ಟಿಕೊಡುವ ಒಪ್ಪಂದಕ್ಕೆ ಸೋವಿಯತ್ ಒಕ್ಕೂಟ ಸಹಿ ಹಾಕಿತು. ನೆಹರೂ ಅಮೆರಿಕದ ಕಡೆಯವರು ಎಂದು ಹಳ್ಳಿಹಳ್ಳಿಯಲ್ಲಿ ಹೇಳುತ್ತ ಬಂದ ಕಾರ್ಯಕರ್ತನಿಗೆ, ಅದೇ ನೆಹರೂ ಅವರನ್ನು ಮಾಸ್ಕೋ ಮೆಚ್ಚಿದ ಮೇಲೆ ಹೇಳಲು ಉಳಿದದ್ದು ಕಡಿಮೆ. ಕಮ್ಯುನಿಸ್ಟರ ಸೋಲಿಗೆ ಕೊಡಲಾಗುವ ಕಾರಣಗಳಲ್ಲಿ ಮೈತ್ರಿಯ ಗಣಿತವೇ ಹೆಚ್ಚು ತೂಕದ್ದು. ಆದರೆ ಪಕ್ಷದ ಸೈದ್ಧಾಂತಿಕ ಬಲವನ್ನು ಕಳೆದದ್ದು ಈ ಮೂರು ಘಟನೆಗಳು.

ಫಲಿತಾಂಶ: ಕಾಂಗ್ರೆಸ್ 119, ಕೃಷಿಕಾರ್ ಲೋಕ್ ಪಕ್ಷ 22, ಪ್ರಜಾ ಸೋಷಲಿಸ್ಟ್ ಪಕ್ಷ 13, ಪ್ರಜಾ ಪಕ್ಷ 5, ಪಕ್ಷೇತರರು 22, ಕಮ್ಯುನಿಸ್ಟ್ ಪಕ್ಷ 15. ಮೈತ್ರಿರಂಗದ ಒಟ್ಟು ಬಲ 146. ಕಾಂಗ್ರೆಸ್ ಒಂದಕ್ಕೇ ಸುಮಾರು ಶೇ 39ರಷ್ಟು, ಕಮ್ಯುನಿಸ್ಟರಿಗೆ ಸುಮಾರು ಶೇ 31ರಷ್ಟು ಮತ ಬಂದವು. ಅಂದರೆ ಹೆಚ್ಚುಕಡಿಮೆ ಮೂರರಲ್ಲೊಂದು ಮತ ಪಡೆದ ಪಕ್ಷಕ್ಕೆ ಹದಿಮೂರರಲ್ಲೊಂದು ಸ್ಥಾನ. 1952ಕ್ಕಿಂತ ಮತದ ಪಾಲು ಏರಿಯೂ ಸ್ಥಾನ ಕುಸಿದದ್ದನ್ನು ಮರೆತು ‘ಆಂಧ್ರ ಕಮ್ಯುನಿಸಂ ಅನ್ನು ತಿರಸ್ಕರಿಸಿತು’ ಎಂದು ಬರೆಯುವುದು ಸರಿಯಾಗದು. ಮಾರ್ಚ್ 28ರಂದು ಬೆಜವಾಡ ಗೋಪಾಲ ರೆಡ್ಡಿ ಕರ್ನೂಲಿನಲ್ಲಿ ಮುಖ್ಯಮಂತ್ರಿಯಾದರು. ಗನ್ನವರಂನಿಂದ ಗೆದ್ದ ಸುಂದರಯ್ಯ ವಿರೋಧ ಪಕ್ಷದ ನಾಯಕರಾದರು.

ಕಮ್ಯುನಿಸ್ಟರ ನೆಲೆ ಮುಖ್ಯವಾಗಿ ಕೃಷ್ಣಾ–ಗೋದಾವರಿ ಮುಖಜ ಭೂಮಿ. ನೀರಾವರಿ, ಗೇಣಿ, ಕೂಲಿ ಪ್ರಶ್ನೆಗಳು ಅಲ್ಲಿ ಮೊನಚಾಗಿದ್ದವು. ಒಣಬೇಸಾಯದ ರಾಯಲಸೀಮೆಯಲ್ಲಿ ರೈತನ ಮೊದಲ ಎದುರಾಳಿ ಬರ. ಪಕ್ಷಕ್ಕೆ ಅಲ್ಲಿ ಮುಖಜ ಭೂಮಿಯಷ್ಟು ಬೇರು ಇಳಿಯಲಿಲ್ಲ. ಅಮೆರಿಕದ ಪತ್ರಕರ್ತ–ವಿದ್ವಾಂಸ ಸೆಲಿಗ್ ಹ್ಯಾರಿಸನ್ 1956ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ರಾಜಕಾರಣವನ್ನು ಕಮ್ಮ–ರೆಡ್ಡಿ ಜಾತಿಗಳ ಪೈಪೋಟಿಯಿಂದ ವಿವರಿಸಿದರು. ಆ ವಿವರಣೆ ಮುಖಜ ಭೂಮಿಗೆ ಒಪ್ಪುವಷ್ಟು ಆದವಾನಿ ಕಡೆಗೆ ಒಪ್ಪುವುದಿಲ್ಲ. ಇಲ್ಲಿ ಲಿಂಗಾಯತರು, ಕುರುಬರು, ಬೋಯರು, ಮುಸ್ಲಿಮರು, ನೇಕಾರರು ಕೂಡಿದ ಬೇರೆಯೇ ಸಮಾಜವಿದೆ.

ಹೊರಗಿನ ಹಣದ ಪ್ರಶ್ನೆ

ಭಾರತದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್, ಕಮ್ಯುನಿಸ್ಟರು ಗೆಲ್ಲಬಹುದಾದ ಎರಡು ರಾಜ್ಯ ಚುನಾವಣೆಗಳಲ್ಲಿ ತಮ್ಮ ದೇಶ ಕಾಂಗ್ರೆಸ್ಸಿಗೆ ಹಣ ಕೊಟ್ಟಿತ್ತೆಂದು 1978ರ ತಮ್ಮ ಪುಸ್ತಕದಲ್ಲಿ ಬರೆದರು. ಅವರು ಹೆಸರಿಸಿದ್ದು ಕೇರಳ ಮತ್ತು ಪಶ್ಚಿಮ ಬಂಗಾಳವನ್ನು. ಆಂಧ್ರ ಆ ಮಾತಿನಲ್ಲಿಲ್ಲ. ಕೇರಳದಲ್ಲಿ 1957ರಲ್ಲಿ ಗೆದ್ದ ಇ. ಎಂ. ಎಸ್. ಅವರ ಕಮ್ಯುನಿಸ್ಟ್ ಸರ್ಕಾರವನ್ನು ಕೇಂದ್ರ 1959ರ ಜುಲೈ 31ರಂದು ವಜಾ ಮಾಡಿತು. ಹಿಂದಿನ ವರ್ಷವಷ್ಟೇ ಕೇರಳಕ್ಕೆ ಸೇರಿದ್ದ ಕಾಸರಗೋಡಿನ ಕನ್ನಡಿಗರೂ 1957ರಲ್ಲಿ ಆ ಸರ್ಕಾರದ ಪ್ರಜೆಗಳಾದರು. ಎರಡು ಗಡಿಗಳ ಕನ್ನಡಿಗರು, ಆದವಾನಿಯವರು ಕಮ್ಯುನಿಸ್ಟರು ಸೋತ ರಾಜ್ಯದಲ್ಲೂ ಕಾಸರಗೋಡಿನವರು ಗೆದ್ದ ರಾಜ್ಯದಲ್ಲೂ, ಎರಡೇ ವರ್ಷಗಳ ಅಂತರದಲ್ಲಿ ಶೀತಲ ಸಮರದ ಎರಡು ಮುಖಗಳನ್ನು ಕಂಡರು.

ಗೋಧಿ, ನೀರು, ಪುಸ್ತಕ

ತಡೆನೀತಿಯ ಇನ್ನೊಂದು ರೂಪ ನೆರವು. 1951ರಲ್ಲಿ ಅಮೆರಿಕ ಭಾರತಕ್ಕೆ 20 ಲಕ್ಷ ಟನ್ ಧಾನ್ಯಕ್ಕಾಗಿ 19 ಕೋಟಿ ಡಾಲರ್ ಸಾಲ ಕೊಟ್ಟಿತು. 1954ರ ಜುಲೈ 10ರಂದು ಅಲ್ಲಿ ಆಹಾರ ನೆರವಿನ ಪಿ.ಎಲ್. 480 ಕಾಯ್ದೆ ಬಂದಿತು. ಅದರಡಿ ಭಾರತ 1956ರ ಆಗಸ್ಟ್‌ನಲ್ಲಿ ಮೊದಲ ಒಪ್ಪಂದ ಮಾಡಿಕೊಂಡಿತು. ಗೋಧಿ, ಅಕ್ಕಿಯ ಜೊತೆ ಅಮೆರಿಕದ ಹತ್ತಿಯೂ ಆ ಪಟ್ಟಿಯಲ್ಲಿತ್ತು. 1960ರ ಮೇ 4ರ ಒಪ್ಪಂದದ ಪ್ರಮಾಣ 1.6 ಕೋಟಿ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿ. 1965–67ರ ಬರದಲ್ಲಿ ಅಧ್ಯಕ್ಷ ಜಾನ್ಸನ್ ಧಾನ್ಯವನ್ನು ಕಂತುಕಂತಾಗಿ, ಕೈಬಿಗಿ ಹಿಡಿದು ಬಿಟ್ಟರು. ಧಾನ್ಯದ ಬೆಲೆಯಾಗಿ ರೂಪಾಯಿಗಳಲ್ಲಿ ಜಮೆಯಾಗಿದ್ದ ಹಣದಲ್ಲಿ 1,664 ಕೋಟಿ ರೂಪಾಯಿಯ ಚೆಕ್ಕನ್ನು 1974ರ ಫೆಬ್ರುವರಿಯಲ್ಲಿ ಭಾರತಕ್ಕೆ ಹಿಂದಿರುಗಿಸಿದವರು ಇದೇ ಮೊಯ್ನಿಹಾನ್.

ದಕ್ಷಿಣದ ರಾಜ್ಯಗಳ ಶಾಲೆಗಳಿಗೆ 1960ರ ದಶಕದಲ್ಲಿ ಈ ನೆರವು ಮುಟ್ಟಿದ್ದು ಕೇರ್ ಸಂಸ್ಥೆಯ ಮೂಲಕ. ಎರಡು ಕೈಗಳು ಕುಲುಕುತ್ತಿರುವ ಗುರುತಿನ ಚೀಲ, ಡಬ್ಬಿಗಳು. ಮಧ್ಯಾಹ್ನ ದೊಡ್ಡ ಹಂಡೆಯಲ್ಲಿ ಬೇಯುವ ಹಳದಿ ಉಪ್ಪಿಟ್ಟು. ಪುಡಿಯಿಂದ ಕದಡಿದ ಹಾಲು. ಜೋಳದ ರೊಟ್ಟಿಯ ನಾಡಿನ ಮಕ್ಕಳ ನಾಲಿಗೆಗೆ ಆ ರುಚಿ ಹೊಸದು.

1952ರ ಅಕ್ಟೋಬರ್ 2ರಂದು 55 ಕಡೆ ಆರಂಭವಾದ ಸಮುದಾಯ ಅಭಿವೃದ್ಧಿ ಯೋಜನೆಗೂ ಅಮೆರಿಕದ ಹಣವಿತ್ತು. ಆಗಿನ ರಾಯಭಾರಿ ಚೆಸ್ಟರ್ ಬೋಲ್ಸ್ ಅದನ್ನು ಚೀನಾದ ಹಾದಿಗೆ ಪ್ರಜಾಸತ್ತೆಯ ಉತ್ತರವೆಂದು ಕಂಡರು. ಹಳ್ಳಿಯವರ ಬಾಯಲ್ಲಿ ಅದು ಬ್ಲಾಕು, ಬಿ.ಡಿ.ಓ., ಗ್ರಾಮಸೇವಕ ಎಂಬ ಮಾತುಗಳಾಗಿ ಉಳಿಯಿತು.

ಪಶ್ಚಿಮ ಕರ್ನೂಲಿಗೆ ಗೋಧಿಗಿಂತ ದೊಡ್ಡ ವಿಷಯ ನೀರು. 1945ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟಿನ ಕೆಳಮಟ್ಟದ ಕಾಲುವೆ ಬಳ್ಳಾರಿ ಜಿಲ್ಲೆಯನ್ನು ಹಾದು ಆದವಾನಿ, ಎಮ್ಮಿಗನೂರು ಕಡೆಗೆ ಬರುತ್ತದೆ. ಕರ್ನೂಲು ಜಿಲ್ಲೆಯಲ್ಲಿ ಅದರ ಅಚ್ಚುಕಟ್ಟು ಸುಮಾರು 1.5 ಲಕ್ಷ ಎಕರೆ. ಎರಡು ರಾಜ್ಯಗಳ ನಡುವೆ ನೀರು ನಿರ್ವಹಿಸಲು 1953ರಲ್ಲಿ ತುಂಗಭದ್ರಾ ಮಂಡಳಿ ಬಂದಿತು. 1955ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ಈ ಅಣೆಕಟ್ಟಿನ ಕಾರಣ ಕೊಟ್ಟೇ ಬಳ್ಳಾರಿ, ಹೊಸಪೇಟೆ ಭಾಗಗಳನ್ನು ಆಂಧ್ರಕ್ಕೆ ಕೊಡಲು ಶಿಫಾರಸು ಮಾಡಿತ್ತು, ಕೇಂದ್ರ ಒಪ್ಪಲಿಲ್ಲ.

ಪುಸ್ತಕಗಳ ಪೈಪೋಟಿಯಲ್ಲಿ ಕನ್ನಡ, ತೆಲುಗು ಓದುಗರಿಗೆ ಲಾಭವೇ ಆಯಿತು. ಫೋರ್ಡ್ ಪ್ರತಿಷ್ಠಾನದ ಹಣದಿಂದ 1955ರಲ್ಲಿ ಮದರಾಸಿನಲ್ಲಿ ಹುಟ್ಟಿದ ಸದರ್ನ್ ಲ್ಯಾಂಗ್ವೇಜಸ್ ಬುಕ್ ಟ್ರಸ್ಟ್ ದಕ್ಷಿಣದ ನಾಲ್ಕು ಭಾಷೆಗಳಲ್ಲಿ ಅಗ್ಗದ ಪುಸ್ತಕಗಳಿಗೆ ನೆರವಾಯಿತು. ಇನ್ನೊಂದು ಕಡೆ ಮಾಸ್ಕೋದ ಪ್ರಗತಿ ಪ್ರಕಾಶನದ ಪುಸ್ತಕಗಳು ವಿಜಯವಾಡದ ವಿಶಾಲಾಂಧ್ರ, 1960ರಲ್ಲಿ ಆರಂಭವಾದ ಬೆಂಗಳೂರಿನ ನವಕರ್ನಾಟಕ ಮಳಿಗೆಗಳ ಮೂಲಕ ಬಂದವು.

ನಂತರದ ಬೆಳವಣಿಗೆ

1955ರ ನವೆಂಬರ್‌ನಲ್ಲಿ ಬುಲ್ಗಾನಿನ್, ಕ್ರುಶ್ಚೇವ್ ಭಾರತಕ್ಕೆ ಬಂದು ಬೆಂಗಳೂರನ್ನೂ ಕಂಡುಹೋದರು. ಮರುವರ್ಷ ರಾಜಧಾನಿ ಹೈದರಾಬಾದಿಗೆ ಹೋಯಿತು. ಕರ್ನೂಲಿನ ರಾಜಧಾನಿ ಪಟ್ಟ ಮೂರೇ ವರ್ಷ ಬಾಳಿತು. 1962ರ ಚೀನಾ ಯುದ್ಧದ ಬಳಿಕ, 1964ರಲ್ಲಿ ಕಮ್ಯುನಿಸ್ಟ್ ಪಕ್ಷ ಎರಡಾಯಿತು. ಒಡಕಿನ ಹಿಂದೆ ಮಾಸ್ಕೋ–ಬೀಜಿಂಗ್ ಜಗಳದ ನೆರಳಿತ್ತು. ಶ್ರೀಕಾಕುಳಂನ ನಕ್ಸಲೀಯ ದಂಗೆಯ ಹೊತ್ತಿಗೆ ಮೂರನೆಯ ಪಂಗಡವೂ ಹುಟ್ಟಿತು. ತರಿಮೆಲ ನಾಗಿ ರೆಡ್ಡಿ 1969ರಲ್ಲಿ ಶಾಸಕ ಸ್ಥಾನ ಬಿಟ್ಟರು. ಆಗಿನ ಕರ್ನೂಲು ಜಿಲ್ಲೆಯ ವೆಲುಗೋಡಿನ ಚಂದ್ರ ಪುಲ್ಲಾ ರೆಡ್ಡಿ ಮುಂದೆ ಒಂದು ಮಾರ್ಕ್ಸ್‌ವಾದಿ–ಲೆನಿನ್‌ವಾದಿ ಗುಂಪಿನ ನಾಯಕರಾದರು. 1971ರ ಆಗಸ್ಟ್ 9ರ ಭಾರತ–ಸೋವಿಯತ್ ಒಪ್ಪಂದದ ನಂತರ, 1955ರಲ್ಲಿ ಸೆಣಸಿದ್ದ ಕಾಂಗ್ರೆಸ್ ಮತ್ತು ಸಿ.ಪಿ.ಐ. ಕೆಲಕಾಲ ಮಿತ್ರರೂ ಆದವು.

ಇಂದಿನ ಸ್ಥಿತಿ

2022ರ ಏಪ್ರಿಲ್ 4ರಂದು ನಂದ್ಯಾಲ ಬೇರೆ ಜಿಲ್ಲೆಯಾದ ಮೇಲೂ ಆದವಾನಿ ಕರ್ನೂಲು ಜಿಲ್ಲೆಯಲ್ಲೇ ಇದೆ. ಗಡಿಯ ಊರುಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಎಡಪಕ್ಷಗಳು ಚುನಾವಣೆಯಲ್ಲಿ ದುರ್ಬಲವಾದರೂ ಹಮಾಲರು, ಗಿರಣಿ ಕೆಲಸಗಾರರು, ಕೃಷಿ ಕೂಲಿಗಳ ಸಂಘಟನೆಗಳಲ್ಲಿ ಉಳಿದಿವೆ. ಕೆಳಮಟ್ಟದ ಕಾಲುವೆಯ ಕೊನೆಯ ಹೊಲಗಳಿಗೆ ನೀರು ಸರಿಯಾಗಿ ಮುಟ್ಟುವುದಿಲ್ಲ. ಹೂಳಿನಿಂದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿಯಿಂದ 105.788 ಟಿಎಂಸಿಗೆ ಇಳಿದಿದೆ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ ಕಡೆಯ ಕುಟುಂಬಗಳು ಮನೆಗೆ ಬೀಗ ಹಾಕಿ, ಮಕ್ಕಳೊಂದಿಗೆ, ಮೆಣಸಿನಕಾಯಿ ಹಾಗೂ ಹತ್ತಿ ಬಿಡಿಸಲು ಗುಂಟೂರಿನ ಕಡೆಗೆ ಹೋಗುತ್ತವೆ. ಕರ್ನಾಟಕದಲ್ಲಿ ಗುಳೆ ಎನ್ನುವ ಇದಕ್ಕೆ ಇಲ್ಲಿನವರು ‘ಸುಗ್ಗಿಗೆ ಹೋಗುವುದು’ ಎನ್ನುತ್ತಾರೆ. ಅವರು ಕೂಲಿಗೆ ಹೋಗುವ ಗುಂಟೂರು, 1955ರಲ್ಲಿ ಕಮ್ಯುನಿಸ್ಟರು ಗೆದ್ದೇ ತೀರುತ್ತೇವೆಂದು ನಂಬಿದ್ದ ನೀರಾವರಿ ಜಿಲ್ಲೆಗಳಲ್ಲೊಂದು.